ದೊಡ್ಡಮ್ಮನ ಮೂರು ದಿನ

ಕಾರಹುಣ್ಣಿಮೆಯ ಊಟವಾದ ಮೇಲೆ ನಮ್ಮ ಮನೆಯ ಪಡಸಾಲೆಯಲ್ಲಿ ನಿಂತು ಇಪ್ಪತ್ತು ಜನರನ್ನು ನಗಿಸಿದೆ. ನಗಿಸುತ್ತಲೇ ಒಬ್ಬ ಹೆಂಗಸಿನ ಮೂರು ದಿನಗಳನ್ನು ಕದ್ದೆ. ಒಂದು ತಿಂಗಳ ಮೂರು ದಿನವಲ್ಲ, ಪ್ರತಿ ತಿಂಗಳ ಮೂರು ದಿನ. ಕದಿಯುತ್ತಿದ್ದೇನೆ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಕದಿಯುವವನಿಗೆ ಕಾನೂನಿನಲ್ಲಿ ಏನು ಹೆಸರೋ, ವಕೀಲರನ್ನು ಕೇಳಬೇಕು. ನಮ್ಮ ರಾಯದುರ್ಗದಲ್ಲಿ ಕತ್ತೆ ಅನ್ನುತ್ತಾರೆ.

ಈ ಅಂಕಣ ಓದುವವರಿಗೆ ನನ್ನ ಚಾಳಿ ಹೊಸದಲ್ಲ. ಕಂಡವರನ್ನೆಲ್ಲ ಆಡಿ ತೋರಿಸುವುದು. ತಹಶೀಲ್ದಾರರು ಸಹಿ ಹಾಕುವಾಗ ನಾಲಿಗೆಯನ್ನೂ ಪೆನ್ನಿನ ಜೊತೆಗೇ ತಿರುಗಿಸುವುದು, ಬಸ್ ಏಜೆಂಟು ಸೀಟಿಲ್ಲ ಎನ್ನುವಾಗ ಕಣ್ಣು ಮುಚ್ಚಿಕೊಳ್ಳುವುದು, ಎಲ್ಲ ನನ್ನ ಪಟ್ಟಿಯಲ್ಲಿವೆ. ನನ್ನನ್ನೂ ಬಿಟ್ಟಿಲ್ಲ. ಬರಹ ಹಿಡಿದು ಸಂಪಾದಕರ ಮುಂದೆ ನಿಂತಾಗ ನನ್ನ ಎರಡು ಮೊಣಕಾಲೂ ಒಂದಕ್ಕೊಂದು ಹೇಗೆ ಗುಟ್ಟು ಹೇಳುತ್ತವೆ ಎಂಬುದನ್ನು ಅವರ ಎದುರಿಗೇ ಮಾಡಿ ತೋರಿಸಿ ಬೈಸಿಕೊಂಡಿದ್ದೇನೆ.

(ಈ ವಾರದ ವಿಷಯ ಹೆಂಗಸರದು. ಸಂಪಾದಕರು ಕತ್ತರಿ ಎತ್ತಿಕೊಳ್ಳುವ ಮೊದಲು ತಮ್ಮ ಮನೆಯವರನ್ನು ಒಂದು ಮಾತು ಕೇಳಲಿ.)

ದೊಡ್ಡಮ್ಮ ಅಂದರೆ ನಮ್ಮ ದೊಡ್ಡಪ್ಪನ ಹೆಂಡತಿ. ತವರು ಮಡಕಶಿರಾದ ಕಡೆ, ಅಮರಾಪುರದ ಹತ್ತಿರದ ಹಳ್ಳಿ. ಈ ಮನೆಗೆ ಬಂದು ಮೂವತ್ತೈದು ವರ್ಷವಾಯಿತು, ಮಾತು ಮಾತ್ರ ಇನ್ನೂ ಅಲ್ಲೇ ಇದೆ. ನಾವು ‘ಯಾಕ’ ಅಂದರೆ ಅವಳು ‘ಯಾಕಪ್ಪ’ ಅನ್ನುತ್ತಾಳೆ. ನನ್ನ ಮೊದಲ ಪಾರ್ಟು ಆ ಮಾತಿನದೇ. ಆಗ ಅವಳೂ ನಗುತ್ತಿದ್ದಳು.

ಎರಡು ವರ್ಷದಿಂದ ಹೊಸ ಪಾರ್ಟು ಸಿಕ್ಕಿತ್ತು. ನಡಿಗೆ.

ದೊಡ್ಡಮ್ಮ ಎಡಗಾಲು ಊರಿದರೆ ಮೈಯೆಲ್ಲ ಎಡಕ್ಕೆ ವಾಲುತ್ತದೆ. ಎಡಗೈ ತಾನಾಗಿ ಕೆಳಗಿಳಿದು ಸೊಂಟದ ಹೊರಮಗ್ಗುಲಿನ ಗೆಣ್ಣನ್ನು ಒತ್ತಿ ಹಿಡಿಯುತ್ತದೆ. ಕೂತು ಎದ್ದ ಮೇಲಿನ ಮೊದಲ ನಾಲ್ಕು ಹೆಜ್ಜೆ ಬಾತುಕೋಳಿಯದು, ಆಮೇಲೆ ಸ್ವಲ್ಪ ಹೆಂಗಸಿನದು. ಮೆಟ್ಟಿಲು ಬಂದರೆ ಯಾವಾಗಲೂ ಬಲಗಾಲು ಮೊದಲು. ಇದರ ಮೇಲೆ ಇನ್ನೊಂದು ಒಗ್ಗರಣೆ: ಪುಷ್ಯದ ಚಳಿಯಲ್ಲಿ ನಾವೆಲ್ಲ ಕಂಬಳಿ ಹೊದ್ದು ಕೂತಿರುವಾಗ ಅವಳೊಬ್ಬಳು ಮುಖ ಕೆಂಪಗೆ ಮಾಡಿಕೊಂಡು ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಾಳೆ. ಇಷ್ಟೆಲ್ಲ ಸರಕು ಇರುವಾಗ ಅಣಕಿಸುವವನು ಸುಮ್ಮನಿರುತ್ತಾನೆಯೇ?

ಇಷ್ಟೇ ಆಗಿದ್ದರೆ ಬರೀ ಒರಟುತನ. ನಾನು ಇನ್ನೂ ಒಂದು ಮೆಟ್ಟಿಲು ಮೇಲೆ ಹೋದೆ.

ನಮ್ಮ ಮನೆಯ ಕಟ್ಟುಪಾಡು ನಿಮ್ಮ ಮನೆಯದೂ ಇರಬಹುದು. ಕಾಗೆ ಮುಟ್ಟಿದ, ಎಂದರೆ ಮುಟ್ಟಾದ, ಹೆಂಗಸು ಮೂರು ದಿನ ಹಿತ್ತಲ ಚಪ್ಪರದಲ್ಲಿ ಕೂರಬೇಕು. ನೀರು ಮುಟ್ಟುವ ಹಾಗಿಲ್ಲ, ಒಲೆ ಮುಟ್ಟುವ ಹಾಗಿಲ್ಲ, ಬೀಸುಕಲ್ಲು ಮುಟ್ಟುವ ಹಾಗಿಲ್ಲ. ಊಟ ದೂರದಿಂದ ಇಡುತ್ತಾರೆ. ನಾಲ್ಕನೆಯ ದಿನ ತಲೆಗೆ ನೀರೆರೆದುಕೊಂಡು ಒಳಗೆ ಬರಬೇಕು. ದೊಡ್ಡಮ್ಮನೂ ಕೂರುತ್ತಿದ್ದಳು. ಆದರೆ ಅವಳ ಕಾಗೆಗೆ ತಿಥಿ ನಕ್ಷತ್ರ ಯಾವುದೂ ಇರಲಿಲ್ಲ. ಒಂದು ಸಲ ಇಪ್ಪತ್ತು ದಿನಕ್ಕೆ ಬಂದರೆ ಇನ್ನೊಂದು ಸಲ ನಲವತ್ತಕ್ಕೆ. ಜೋಳದ ಚೀಲ ಅಟ್ಟದಿಂದ ಇಳಿದ ಮರುದಿನ ತಪ್ಪದೆ ಬರುತ್ತಿತ್ತು.

ಎಲ್ಲವನ್ನೂ ನೋಡುವ ಕಣ್ಣು ನನ್ನದು. ಎಲ್ಲವನ್ನೂ ಆಡುವ ಬಾಯಿಯೂ ನನ್ನದೇ.

ಕಾರಹುಣ್ಣಿಮೆಯ ದಿನ ಹೋಳಿಗೆ ತಿಂದು ಎಲ್ಲರೂ ಅಡಿಕೆಲೆ ಹಾಕಿಕೊಳ್ಳುತ್ತಿದ್ದರು. ನಾನು ಜೋಯಿಸರ ಹಾಗೆ ಮೂಗಿನ ತುದಿಗೆ ಕನ್ನಡಕ ಇಳಿಸಿ, ಒಂದು ಹಳೆಯ ಕಾಗದ ಹಿಡಿದು ಪಂಚಾಂಗ ಓದಿದೆ. “ಈ ವರ್ಷದ ಕಾಗೆಯ ಸಂಚಾರ ಫಲ. ಹಪ್ಪಳ ಒತ್ತುವ ಹಿಂದಿನ ದಿನ ಮುಟ್ಟುವುದು. ನೆಂಟರ ಬಂಡಿ ಬರುವ ಮುಂಚೆ ಮುಟ್ಟುವುದು. ಬಾವಿಯ ನೀರು ಮೂರು ಮೆಟ್ಟಿಲು ಕೆಳಗಿಳಿದರೆ ಆ ತಿಂಗಳು ಎರಡು ಸಲ ಮುಟ್ಟುವುದು.” ಆಮೇಲೆ ನಡಿಗೆ. ಚಪ್ಪರಕ್ಕೆ ಹೋಗುವಾಗ ವಾಲುತ್ತ ಹೋದೆ, ನಾಲ್ಕನೆಯ ದಿನ ಈಚೆ ಬರುವಾಗ ನೆಟ್ಟಗೆ ಬಂದೆ. “ನೋಡ್ರಿ, ಕಾಗಿ ಮಹಿಮೆ. ಕುಂಟು ವಾಸಿ ಮಾಡ್ತೈತಿ.”

ಪಡಸಾಲೆ ನಕ್ಕಿತು. ನಮ್ಮ ಅವ್ವ ನಕ್ಕಳು, ಚಿಕ್ಕಮ್ಮ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು. ದೊಡ್ಡಮ್ಮ ಎದ್ದು ಒಳಗೆ ಹೋದಳು. ಅಜ್ಜಿ (ದೊಡ್ಡಪ್ಪನ ತಾಯಿ, ಈ ಮೂವರು ಸೊಸೆಯರ ಅತ್ತೆ) ಮಾತ್ರ ನಗಲಿಲ್ಲ. ಅಜ್ಜಿ ಬೆರಳು ಮಡಿಸಿ ಏನೋ ಎಣಿಸುತ್ತಿದ್ದಳು.

ಮುಂದಿನ ತಿಂಗಳು ಜೋಳದ ಚೀಲ ಇಳಿಯಿತು. ದೊಡ್ಡಮ್ಮ ಚಪ್ಪರದಲ್ಲಿ ಕೂತಳು. ಅಜ್ಜಿ ಖಾಲಿ ಕೊಡ ತಂದು ಅವಳ ಮುಂದೆ ಇಟ್ಟಳು. ನಾನು ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದೆ, ಎಲ್ಲ ಕೇಳಿಸಿತು.

“ಏಳವ್ವ. ನಿನ್ನ ಕಾಗಿ ಸತ್ತು ಎಷ್ಟು ದಿನ ಆತು?”

ದೊಡ್ಡಮ್ಮ ತಲೆ ಎತ್ತಲಿಲ್ಲ. “ಮೂರು ದಿನ ಅಷ್ಟೇ ಅತ್ತೆ. ಅಷ್ಟೇ ನಾನು ಕೇಳ್ತಿರಾದು.”

“ನನಗ ನಲವತ್ತೇಳಕ್ಕ ನಿಂತಿತ್ತು. ಯಾರಿಗೂ ಮುಚ್ಚಿಡಲಿಲ್ಲ. ಮೈಲಿಗಿ ಹೆಸರು ಹೇಳಿ ಸುಳ್ಳು ಕುಂತ್ರ ಮನಿ ದೇವ್ರು ಮೆಚ್ಚತೈತೇನು? ಇನ್ನ ಮ್ಯಾಲೆ ನೀನು ಮಡಿ. ದೇವರ ನೀರು ನೀನ ತರಬೇಕು.”

ಇದು ತಿಳಿಯದವರಿಗೆ ಹೇಳುತ್ತೇನೆ. ಮುಟ್ಟು ನಿಂತ ಹೆಂಗಸು ನಮ್ಮಲ್ಲಿ ಸದಾ ಮಡಿ. ಮನೆದೇವರ ಅಭಿಷೇಕಕ್ಕೂ ನೈವೇದ್ಯಕ್ಕೂ ನೀರು ತರುವ ಅಧಿಕಾರ ಅವಳೊಬ್ಬಳದೇ. ಇಪ್ಪತ್ತು ವರ್ಷ ಅಜ್ಜಿ ತಂದಿದ್ದಳು, ಈಗ ಸೊಸೆಗೆ ದಾಟಿಸಿದಳು. ಸರ್ಕಾರಿ ನೌಕರಿಯಲ್ಲಿ ಪ್ರಮೋಷನ್ ಬಂದರೆ ಕುರ್ಚಿ ದೊಡ್ಡದಾಗುತ್ತದೆ. ದೊಡ್ಡಮ್ಮನಿಗೆ ಕೊಡ ಹೆಚ್ಚಾಯಿತು.

ನಮ್ಮ ಮನೆ ಕೋಟೆಬೆಟ್ಟದ ಬುಡದ ಏರಿನಲ್ಲಿದೆ, ಸಿಹಿನೀರಿನ ಬಾವಿ ಕೆಳಗಿದೆ. ಮೆಟ್ಟಿಲಿಳಿದು ಕೊಡ ಮುಳುಗಿಸಿ, ಎಡಸೊಂಟವನ್ನು ಹೊರಗೆ ತಳ್ಳಿ ಅದರ ಮೇಲೆ ಕೊಡ ಕೂರಿಸಿಕೊಂಡು ಏರು ಹತ್ತಬೇಕು. ಮನೆಬಳಕೆಗೆ ಅವಳ ಪಾಲಿನ ಆರು ಕೊಡ. ದೇವರದು ಎರಡು ಸೇರಿ ಎಂಟಾಯಿತು. ಚಪ್ಪರ ಖಾಲಿಯಾಯಿತು.

ಅಂದು ಮಧ್ಯಾಹ್ನ ಅವ್ವ ನನ್ನನ್ನು ಅಡಿಗೆಮನೆಗೆ ಕರೆದಳು. ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ.

“ಏನು ಮಾಡಿದಿ ಗೊತ್ತೇನಲೇ? ಆಕಿಗೆ ನಿಂತು ಎರಡು ವರ್ಷ ಆತು. ನನಗ ಗೊತ್ತು, ನಿಮ್ಮ ಚಿಕ್ಕವ್ವಗ ಗೊತ್ತು. ಆ ಮೂರು ದಿನ ಆಕಿ ಪಾಲಿನ ಕೊಡ ನಾವಿಬ್ಬರು ಹೊರ್ತಿದ್ವಿ. ಆಕಿ ಸೊಂಟ ನೆಲ ಕಾಣ್ತಿದ್ದುದು ಆ ಮೂರು ದಿನಾನ.”

“ಮತ್ತೆ ಅವತ್ತು ನೀನೂ ನಕ್ಕಿಯಲ್ಲ?”

“ನಗದಿದ್ರ ಅತ್ತಿಗೆ ಸಂಶಯ ಬರ್ತಿತ್ತು.”

ನನ್ನ ಆಟಕ್ಕೆ ಸಿಕ್ಕ ನಗುವಿನಲ್ಲಿ ಎಷ್ಟು ಪಾಲು ಹೀಗಿನದೋ ಯಾರು ಬಲ್ಲರು? ಅಂದಿನಿಂದ ಯಾರು ನಕ್ಕರೂ ಅವರ ಕಣ್ಣು ನೋಡುವ ರೋಗ ನನಗೆ ಅಂಟಿದೆ.

ಕ್ಷಮೆ ಕೇಳಬೇಕಿತ್ತು. ಕೇಳಲಿಲ್ಲ. ನೂರು ಜನರ ದನಿ ಬರುವ ಬಾಯಿಗೆ ಸ್ವಂತದ ದನಿ ಬರಲಿಲ್ಲ. ದೊಡ್ಡಮ್ಮ ಬೈಯಲೂ ಇಲ್ಲ. ಒಂದೇ ಒಂದು ವ್ಯತ್ಯಾಸ. ನಾನು ಅಂಗಳಕ್ಕೆ ಬಂದರೆ ಅವಳು ಇದ್ದಲ್ಲೇ ನಿಲ್ಲುತ್ತಿದ್ದಳು. ಕಂಬದ ಪಕ್ಕದಲ್ಲಿದ್ದರೆ ಕಂಬದ ಪಕ್ಕ, ಹೊಸ್ತಿಲ ಮೇಲಿದ್ದರೆ ಹೊಸ್ತಿಲ ಮೇಲೆ. ನಾನು ದಾಟಿಹೋದ ಮೇಲೆ ಹೆಜ್ಜೆ ಎತ್ತುತ್ತಿದ್ದಳು. ಒಂದು ದಿನ ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ನಾನು ಬಾಗಿಲಲ್ಲಿ ನಿಂತಿದ್ದೆ. ಹಾಲು ಉಕ್ಕಿ ಹೋಯಿತು, ಅವಳು ಕದಲಲಿಲ್ಲ.

ಆಷಾಢದ ಕೊನೆಗೆ ದೊಡ್ಡಮ್ಮ ತವರಿಗೆ ಹೋಗಿಬರುತ್ತೇನೆ ಅಂದಳು. ಹಾಗೆ ಕೇಳುವವಳೇ ಅಲ್ಲ. ಅಜ್ಜಿ ಒಂದು ಕ್ಷಣ ನೋಡಿ, “ಶ್ರಾವಣ ಸೋಮವಾರಕ್ಕ ಬಂದ್ಬಿಡು, ದೇವರ ನೀರು ಐತಿ” ಅಂದಳು. ಜೊತೆಗೆ ಹೋಗಲು ಮನೆಯಲ್ಲಿ ಕೆಲಸವಿಲ್ಲದ ಗಂಡಸು ಯಾರು? ಬರೆಯುವವನು.

ಯುದ್ಧ ಬಂದ ಮೇಲೆ ಬಸ್ಸುಗಳಿಗೆ ಪೆಟ್ರೋಲಿಲ್ಲ, ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಓಡುತ್ತವೆ. ಏರು ಬಂದರೆ ಉಸಿರು ಕಟ್ಟುತ್ತದೆ, ಎಲ್ಲರೂ ಇಳಿದು ನಡೆಯಬೇಕು. ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ ಮಡಕಶಿರಾ ಸೇರುವಷ್ಟರಲ್ಲಿ ನಾವು ಹನ್ನೊಂದು ಸಲ ಇಳಿದು ಹತ್ತಿದೆವು. (ಎಣಿಸುವ ಬುದ್ಧಿ ನನಗೆ ಅಜ್ಜಿಯಿಂದ ಬಂದದ್ದು.) ಬಸ್ಸಿನ ಮೆಟ್ಟಿಲು ಮೊಣಕಾಲೆತ್ತರ. ಹತ್ತುವ ಹೊತ್ತಿಗೆ ದೊಡ್ಡಮ್ಮ ಹೇಳುತ್ತಿದ್ದಳು, “ನೀನು ಮುಂದೆ ಹತ್ತಪ್ಪ.” ಮರ್ಯಾದೆಗಲ್ಲ. ನಾನು ಹಿಂದೆ ಇದ್ದರೆ ನೋಡುತ್ತೇನೆಂದು.

ತವರಿನಲ್ಲಿ ಅವಳ ತಮ್ಮ ಎರಡೇ ದಿನಕ್ಕೆ ಕಂಡುಕೊಂಡ. “ಇದೇನಕ್ಕ ಹಿಂಗೆ ನಡೀತೀಯ? ನಾಳೆ ಮಡಕಶಿರಾ ಆಸ್ಪತ್ರೆಗೆ ಲೇಡಿ ಡಾಕ್ಟ್ರಮ್ಮ ಬತ್ತದೆ. ತೋರ್ಸ್ಕಂಡು ವೋಗು.” ಇಂಗ್ಲಿಷಿನಲ್ಲಿ ಏನಾದರೂ ಬರೆದುಕೊಟ್ಟರೆ ಓದಲು ಆಗುತ್ತದೆಂದು ನನ್ನನ್ನೂ ಗಾಡಿ ಹತ್ತಿಸಿದ.

ಡಾಕ್ಟರಮ್ಮನಿಗೆ ನಲವತ್ತರ ಆಚೀಚೆ. ಮದರಾಸಿನಲ್ಲಿ ಓದಿದವರು, ಮಾತು ತೆಲುಗು. ನಮ್ಮ ಕಡೆ ಎರಡು ಭಾಷೆಯೂ ಒಂದೇ ನಾಲಿಗೆಯಲ್ಲಿ ಇರುವುದರಿಂದ ತೊಂದರೆಯಿಲ್ಲ.

“ಏಮ್ಮಾ, ಏಮಿ ಬಾಧ?” ಏನು ನೋವು ಎಂದು ಕೇಳಿದರು.

“ಏನಿಲ್ಲಮ್ಮ. ವಯಸ್ಸಾತು.”

“ಸ್ವಲ್ಪ ನಡೆದು ತೋರಿಸಿ.”

ದೊಡ್ಡಮ್ಮ ಬೆಂಚಿನಿಂದ ಏಳಲಿಲ್ಲ. “ಇವನ ಮುಂದೆ ನಡೆಯಲ್ಲ ಕಣಮ್ಮ. ಕಲ್ತ್ಕಂಬಿಡ್ತಾನೆ.”

ಡಾಕ್ಟರಮ್ಮ ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಕುತೂಹಲವಿತ್ತು. ಸಿಟ್ಟಾಗಿದ್ದರೆ ಚೆನ್ನಾಗಿತ್ತು.

“ಕಲಿತದ್ದಾಗಿದೆಯೋ?”

“ಹೌದ್ರಿ.”

“ಹಾಗಾದರೆ ನೀನೇ ನಡೆ.”

ನಡೆದೆ. ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ. ಮೊದಲ ನಾಲ್ಕು ಹೆಜ್ಜೆ, ವಾಲು, ಕೈ. ಈ ಪಾರ್ಟಿಗೆ ಯಾರೂ ನಗದಿದ್ದುದು ಅದೇ ಮೊದಲು. ನನ್ನ ಕಾಲಿನ ಸಪ್ಪಳ ನನಗೇ ಕೇಳಿಸಿತು.

“ಕೈ ಎಲ್ಲಿದೆಯೋ ಅಲ್ಲೇ ನಿಲ್ಲಿಸು.” ಡಾಕ್ಟರಮ್ಮ ಎದ್ದು ಬಂದು ನನ್ನ ಬೆರಳಿನ ಕೆಳಗೆ ಪೆನ್ಸಿಲ್ ಇಟ್ಟು ನೋಡಿದರು. “ಕೊಡ ಯಾವ ಕಡೆ ಹೊರುತ್ತಾರೆ?”

“ಎಡಕ್ಕೆ.”

“ಮಲಗುವುದು?”

“ಬಲಮಗ್ಗುಲಿಗೆ. ಎಡಕ್ಕೆ ಹೊರಳಿದರೆ ಎದ್ದು ಕೂತುಬಿಡ್ತಾಳೆ.”

“ಮೆಟ್ಟಿಲಿಗೆ ಯಾವ ಕಾಲು ಮೊದಲು?”

“ಬಲ.”

“ಇದ್ದಕ್ಕಿದ್ದಂತೆ ಸೆಕೆ ಹತ್ತುತ್ತದೆಯೇ?”

“ಚಳಿಗಾಲದಲ್ಲೂ.”

ಎಲ್ಲ ಪ್ರಶ್ನೆಗೂ ಉತ್ತರ ಗೊತ್ತಿತ್ತು. ಪರೀಕ್ಷೆಯಾಗಿದ್ದರೆ ಫಸ್ಟ್ ಕ್ಲಾಸು. ಎರಡು ವರ್ಷ ಇಷ್ಟೆಲ್ಲ ನೋಡಿ ಬಾಯಿಪಾಠ ಮಾಡಿದವನಿಗೆ ಒಂದು ಪ್ರಶ್ನೆ ಮಾತ್ರ ಹೊಳೆದಿರಲಿಲ್ಲ. ನೋಯುತ್ತದೆಯೇ?

ನನ್ನನ್ನು ಹೊರಗೆ ಕಳಿಸಿ ಪರದೆ ಎಳೆದರು. ಮತ್ತೆ ಕರೆದಾಗ ದೊಡ್ಡಮ್ಮನ ಕಣ್ಣು ತೇವವಾಗಿತ್ತು, ಮುಖ ಮಾತ್ರ ಹಗುರವಾಗಿತ್ತು. ಡಾಕ್ಟರಮ್ಮ ಬಿಡಿಸಿ ಹೇಳಿದರು. ಮೂಳೆ ಸವೆದಿಲ್ಲ. ಸೊಂಟದ ಮಗ್ಗುಲಲ್ಲಿ ಮಾಂಸವನ್ನು ಮೂಳೆಗೆ ಕಟ್ಟುವ ಹುರಿಗಳಿವೆ, ಅವು ಜಗ್ಗಿ ಜಗ್ಗಿ ನಾರುನಾರಾಗಿವೆ. ಮುಟ್ಟು ನಿಲ್ಲುವ ವಯಸ್ಸಿನ ಹೆಂಗಸರಲ್ಲೇ ಇದನ್ನು ಅವರು ಹೆಚ್ಚಾಗಿ ಕಂಡಿದ್ದಾರಂತೆ. ಆ ಕಾಲಕ್ಕೆ ಮೈಯೊಳಗೆ ಊರುವ ಒಂದು ರಸ ಬತ್ತುತ್ತದೆ; ಸೆಕೆ, ನಿದ್ದೆಗೇಡು ಅದರಿಂದ. ಹುರಿಗಳ ಬಲಕ್ಕೂ ಅದಕ್ಕೂ ನಂಟಿರಬಹುದು, ಆಣೆ ಮಾಡಿ ಹೇಳಲಾರೆ ಅಂದರು.

“ಆ ರಸವನ್ನೇ ಹೊರಗಿನಿಂದ ಕೊಡುವ ಇಂಜೆಕ್ಷನ್ ಈಚೆಗೆ ಬಂದಿದೆ. ಮದರಾಸಿನಲ್ಲಿ ಕೆಲವರಿಗೆ ಕೊಟ್ಟದ್ದನ್ನು ನೋಡಿದೆ, ಸೆಕೆ ಇಳಿಯಿತು. ಸೊಂಟಕ್ಕೆ ಏನು ಮಾಡುತ್ತದೋ ಗೊತ್ತಿಲ್ಲ. ಎಲ್ಲರಿಗೂ ಕೊಡುವ ಹಾಗಿಲ್ಲ, ಪರೀಕ್ಷೆ ಮಾಡಿ ಕೊಡಬೇಕು. ಈಗಂತೂ ಯುದ್ಧದಿಂದಾಗಿ ಅದನ್ನು ತರುವ ಹಡಗೇ ಇಲ್ಲ. ಬಂದರೆ ಕಾರ್ಡು ಹಾಕುತ್ತೇನೆ.”

ದೊಡ್ಡಮ್ಮ ತಲೆ ಎತ್ತಿದಳು. ನನ್ನ ಎದುರಿಗೆ ಅವಳು ಅಷ್ಟು ಆಸೆಯಿಂದ ಮಾತಾಡಿದ್ದನ್ನು ನಾನು ಕೇಳಿಲ್ಲ.

“ಅಮ್ಮಾ, ಆ ಸೂಜಿ ಚುಚ್ಚಿಸ್ಕಂಡ್ರೆ ತಿರ್ಗಾ ತಿಂಗಳಿಗೆ ಮೂರು ದಿನ ಹೊರಗೆ ಕೂರಂಗಾಗ್ತದಾ?”

ಡಾಕ್ಟರಮ್ಮ ನಗಲು ಹೋಗಿ ನಿಲ್ಲಿಸಿದರು. ಪರದೆಯ ಹಿಂದೆ ಎಲ್ಲ ಕೇಳಿಕೊಂಡಿದ್ದರೆಂದು ಕಾಣುತ್ತದೆ.

“ಮೂರು ದಿನ ಸಾಲುವುದಿಲ್ಲಮ್ಮ. ಮೂರು ತಿಂಗಳು ಆ ಸೊಂಟದ ಮೇಲೆ ಏನನ್ನೂ ಇಡಬೇಡಿ. ಚಕ್ಕಳಮಕ್ಕಳ ಹಾಕಿ ಕೂರಬೇಡಿ. ಮಲಗುವಾಗ ಮೊಣಕಾಲುಗಳ ನಡುವೆ ಕಂಬಳಿ ಮಡಿಸಿ ಇಟ್ಟುಕೊಳ್ಳಿ. ಹಾಗಂತ ಮೂಲೆಯಲ್ಲಿ ಬಿದ್ದುಕೊಳ್ಳಲೂಬೇಡಿ, ಹುರಿಗೆ ಬಲ ಬರಬೇಕು.” ಗೋಡೆ ಹಿಡಿದು ನಿಂತು ಕಾಲಿಗೆ ದಿನವೂ ಕೊಡಬೇಕಾದ ಸಣ್ಣ ಕಸರತ್ತುಗಳನ್ನು ಮಾಡಿ ತೋರಿಸಿದರು. ಆಮೇಲೆ ನನಗೆ, “ನೀನು ನೋಡಿಕೊಂಡೆಯಲ್ಲ? ಅವರು ಮರೆತರೆ ಇದನ್ನು ಮಾಡಿ ತೋರಿಸು.”

ಶ್ರಾವಣ ಸೋಮವಾರಕ್ಕೆ ಮುಂಚೆ ರಾಯದುರ್ಗಕ್ಕೆ ಬಂದೆವು. ಪಡಸಾಲೆಯಲ್ಲಿ ಅಜ್ಜಿ, ಅವ್ವ, ಚಿಕ್ಕಮ್ಮ. ದೊಡ್ಡಮ್ಮ ಕಂಬಕ್ಕೆ ಒರಗಿ ನಿಂತಳು. ಡಾಕ್ಟರಮ್ಮ ಹೇಳಿದ್ದನ್ನು ನಾನು ಹೇಳಿದೆ, ಅವರ ದನಿಯಲ್ಲಲ್ಲ, ನನ್ನದರಲ್ಲಿ. ಕೆಟ್ಟದಾಗಿ ಹೇಳಿದೆ. ನಡುವೆ ತೊದಲಿದೆ.

ಅಜ್ಜಿ ಕೇಳಿ ಮುಗಿಸಿ ಅಂದಳು, “ನಾನು ಇಪ್ಪತ್ತು ವರ್ಷ ತಂದೀನಿ. ನನಗ ಯಾವ ಡಾಕ್ಟರು ಕುಂದ್ರು ಅಂದಿದ್ರು?”

“ಇಲ್ಲ ಅಜ್ಜಿ, ಆ ಮಗ್ಗುಲಿಗೆ ಮಲಗಿದರ ಕೆಂಡ ಇಟ್ಟಂಗ ಆಗ್ತದಂತ. ಕುಂತು ಎದ್ದ ಮೇಲೆ ನಾಲ್ಕು ಹೆಜ್ಜಿ ಕಾಲು ಕೇಳಂಗಿಲ್ಲಂತ.”

ಅಜ್ಜಿ ನನ್ನ ಕಡೆ ತಿರುಗಿದಳು. “ಯಾವ ಮಗ್ಗಲು ಅಂದಿ?”

“ಎಡ.”

ಅಜ್ಜಿಯ ಎಡಗೈ ಅವಳ ಸೊಂಟದ ಕೆಳಗಿತ್ತು. ಅದು ಅಲ್ಲಿ ಈಗ ಬಂದದ್ದಲ್ಲ. ಅಜ್ಜಿಯ ನಡಿಗೆ ನನ್ನ ಪಟ್ಟಿಯ ಅತ್ಯಂತ ಹಳೆಯ ಐಟಂ. ಅದರಲ್ಲೂ ಎಡಗೈ ಅಲ್ಲೇ ಇರುತ್ತದೆ. ನಾನು ಅದನ್ನು ಮುದಿತನ ಅಂದುಕೊಂಡಿದ್ದೆ. ಅಜ್ಜಿಯೂ ಹಾಗೇ ಅಂದುಕೊಂಡಿದ್ದಳೋ ಏನೋ.

ಅಜ್ಜಿಯ ದನಿ ಇಳಿದಿತ್ತು. “ಆಕಿ ಕುಂದ್ರಲಿ, ನಾನು ಬ್ಯಾಡ ಅನ್ನಂಗಿಲ್ಲ. ನೀರು ಬರಬೇಕಲ್ಲ?”

ಅವ್ವ, ಚಿಕ್ಕಮ್ಮ ಇನ್ನೂ ಹೊರಗೆ ಕೂರುವವರು, ದೇವರ ನೀರು ಅವರಿಂದ ಆಗದು. ದೊಡ್ಡಮ್ಮ ಇಲ್ಲದ ದಿನಗಳಲ್ಲಿ ಹೇಗೋ ಹೊತ್ತ ಅಜ್ಜಿಯ ಕೈಯಲ್ಲಿ ಇನ್ನು ಕೊಡ ಎತ್ತಲು ಆಗದು. ಗಂಡಸರು ತರಬಾರದು ಎಂದು ಯಾವ ಶಾಸ್ತ್ರವೂ ಇಲ್ಲ, ತಂದ ಗಂಡಸು ಮಾತ್ರ ನಮ್ಮ ವಂಶದಲ್ಲಿ ಇಲ್ಲ. ದೊಡ್ಡಮ್ಮನ ಮೂರು ತಿಂಗಳು ಎರಡು ಕೊಡ ನೀರಿನ ಮುಂದೆ ಸಿಕ್ಕಿಕೊಂಡು ನಿಂತಿತು.

ಈಗ ಹದಿನೈದು ದಿನದಿಂದ ಆ ನೀರನ್ನು ನಾನು ತರುತ್ತಿದ್ದೇನೆ. ಮನೆಬಳಕೆಯ ಆರನ್ನೂ. ಬಾವಿಯ ಹೆಂಗಸರು ನನ್ನನ್ನು ಕಂಡು ಸೆರಗು ಬಾಯಿಗೆ ಇಟ್ಟುಕೊಳ್ಳುತ್ತಾರೆ, ಅವರಲ್ಲೊಬ್ಬಳು ನನ್ನ ನಡಿಗೆಯನ್ನು ಆಗಲೇ ಚೆನ್ನಾಗಿ ಮಾಡುತ್ತಾಳಂತೆ. ನಮ್ಮ ಪತ್ರಿಕೆಯ ಆಫೀಸಿನ ಗೆಳೆಯರೊಬ್ಬರು ಸುದ್ದಿ ಕೇಳಿ, ಎಂಥ ತ್ಯಾಗವಯ್ಯ ಎಂದು ಬೆನ್ನು ತಟ್ಟಿದರು. ತಟ್ಟಬೇಡಿ. ನಾನಾಗಿ ಕೊಡ ಎತ್ತಿದವನಲ್ಲ.

ಅಂದು ಅಜ್ಜಿ ನೀರಿನ ಮಾತೆತ್ತಿದಾಗ ನನಗೆ ಹೊಳೆದದ್ದು ಏನು ಗೊತ್ತೇ? ಇನ್ನೊಂದು ಆಟ. ದೊಡ್ಡಮ್ಮನ ನೋವು ಎಷ್ಟೆಂದು ಆಡಿ ತೋರಿಸಿ ಅಜ್ಜಿಯ ಕಣ್ಣಲ್ಲಿ ನೀರು ತರಿಸೋಣ ಎಂದು. ಈ ಸಲ ನಗಿಸಲು ಅಲ್ಲವಲ್ಲ, ಒಳ್ಳೆಯ ಉದ್ದೇಶಕ್ಕೆ ತಾನೇ? ಎದ್ದು ಪಡಸಾಲೆಯ ನಡುವೆ ಬಂದೆ. ಎಡಗೈಯನ್ನು ಸೊಂಟದ ಮಗ್ಗುಲಿಗೆ ಇಟ್ಟೆ. ಮೈ ಎಡಕ್ಕೆ ವಾಲಿಸಿದೆ. ಮೊದಲ ಹೆಜ್ಜೆ ಇಡಬೇಕು, ಅಷ್ಟರಲ್ಲಿ ಕಂಬದ ಕಡೆಯಿಂದ ದೊಡ್ಡಮ್ಮ, ದನಿಯನ್ನು ಏರಿಸದೆ, ಎರಡು ತಿಂಗಳಲ್ಲಿ ಮೊದಲ ಸಲ ನನ್ನ ಮುಖವನ್ನೇ ನೋಡುತ್ತ ಹೇಳಿದಳು:

“ಬರಿಗೈಲಿ ಬ್ಯಾಡ ಕಣಪ್ಪ. ಬಾವಿಗೆ ವೋಗಿ ಕೊಡ ತುಂಬ್ಕಂಡು ಬಂದು ಮಾಡು.”